ಒಂಟಿ ಸೀನು, ಜೋಡಿ ಸೀನು

ಮೊನ್ನೆ ಚಿಕ್ಕೋಡಿ ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ತಂಬಾಕಿನ ಘಾಟು ಬಂತು. ನನಗೆ ನಗು ತಡೆಯಲಾಗಲಿಲ್ಲ. ಅವರು ತಪ್ಪು ತಿಳಿದು ಚೀಲವನ್ನು ಕಾಲಸಂದಿಗೆ ಎಳೆದುಕೊಂಡರು. ನನ್ನ ಮದುವೆ ಕುದುರಿದ್ದೇ ಆ ಘಾಟಿನಲ್ಲಿ ಎಂದು ಅಪರಿಚಿತರಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬಹುದು.

ನಮ್ಮದು ಅಥಣಿ ಕಡೆಯ ಬಯಲು. ಒಣಗಾಳಿ, ಸೀನು ಅಪರೂಪ. ಅಪರೂಪದ್ದಕ್ಕೆಲ್ಲ ಅರ್ಥ ಹಚ್ಚುವ ಜನ ನಾವು. ಮಳೆಯ ಜೊತೆ ಬಂದ ಬೀಗರ ಕಾಲ್ಗುಣ ಹೊಗಳುತ್ತೇವೆ. ಕೊಂಕಣದಲ್ಲಾದರೆ ಹಾಗೆ ಬಂದವರಿಗೆ ತಲೆ ಒರೆಸಿಕೊಳ್ಳಲು ಟವೆಲ್ಲು ಕೊಡುತ್ತಾರೆ, ಅಷ್ಟೇ. ಸೀನಿನ ಕಥೆಯೂ ಇದೇ. ಒಂಟಿ ಸೀನು ಬಿದ್ದರೆ ಹಿಡಿದ ಕೆಲಸ ನಿಲ್ಲಬೇಕು; ಜೋಡಿಯಾದರೆ ಶುಭ. ನಮ್ಮ ದೊಡ್ಡಪ್ಪ ಇದರಲ್ಲಿ ಬಲು ಕಟ್ಟುನಿಟ್ಟು. ಎತ್ತು ಸೀನಿತೆಂದು ಬಿತ್ತನೆ ಮುಂದೂಡಿದವರು.

ಎಂಬತ್ತರ ದಶಕದ ಕೊನೆಗೆ ಅವರೇ ನನ್ನನ್ನು ನಿಪ್ಪಾಣಿಗೆ ಕನ್ಯೆ ನೋಡಲು ಕರೆದೊಯ್ದರು. ತಂಬಾಕಿನ ಸುಗ್ಗಿ. ಹುಡುಗಿಯ ಮನೆಗೆ ಹತ್ತಿಕೊಂಡೇ ತಂಬಾಕು ಕೂಡಿಡುವ ವಖಾರ. ಅಲ್ಲಿ ಜರಡಿ ಹಿಡಿದ ಧೂಳು ಕಿಟಕಿಯಿಂದ ನಾವು ಕೂತ ಜಮಖಾನಕ್ಕೇ ಇಳಿಯುತ್ತಿತ್ತು. ದೊಡ್ಡಪ್ಪ ಮಾತೆತ್ತಿದರು. ಹುಡುಗಿಯ ತಂದೆ ಸೀನಿದರು. ದೊಡ್ಡಪ್ಪ ನೀರು ಕುಡಿದು, ತುಸು ತಡೆದು, ಮತ್ತೆ ಮಾತೆತ್ತಿದರು. ಅಡುಗೆಮನೆಯಿಂದ ಸೀನು. ಮತ್ತೆ ನೀರು. ಆಮೇಲೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ, ಈ ಸಂಬಂಧಕ್ಕೆ ಏನೇನೂ ಸಂಬಂಧವಿಲ್ಲದವನು, ಸೀನಿ ಹೋದ. ತಂಬಿಗೆ ಖಾಲಿಯಾಯಿತೇ ಹೊರತು ಮಾತು ಶುರುವಾಗಲಿಲ್ಲ.

ದೇವರಿಗೇ ಮನಸ್ಸಿಲ್ಲವೆಂದು ದೊಡ್ಡಪ್ಪ ಏಳಹೊರಟರು. ಹುಡುಗಿಯ ತಂದೆಗೆ ಸಿಟ್ಟೇನೂ ಬರಲಿಲ್ಲ. “ನಮ್ಮೂರಾಗ ಸೀನಿಗೆ ನಿಂತ್ರ ಹೆಣಾನೂ ಎತ್ತಾಕ ಆಗೂದಿಲ್ರಿ” ಎಂದರು.

ಅಷ್ಟರಲ್ಲಿ ಹುಡುಗಿ ಚಹಾ ತಂದಳು. ಕಣ್ಣು ಕೆಂಪು, ಮುಖ ಬಿಗಿ, ತಾಟಿನಲ್ಲಿ ಕಪ್ಪು-ಬಸಿಗಳು ಗಲಗಲ ಅನ್ನುತ್ತಿದ್ದವು. ಒಲ್ಲದ ಮದುವೆಗೆ ಅಳುತ್ತಿದ್ದಾಳೆಂದುಕೊಂಡೆ. ದೊಡ್ಡಪ್ಪನಿಗೂ ಹಾಗೇ ಅನ್ನಿಸಿರಬೇಕು. ಯಾಕವ್ವಾ ಅಳುತ್ತಿ ಎಂದು ಮೆತ್ತಗೆ ಕೇಳಿದರು.

“ಅಳಾಕತ್ತಿಲ್ರಿ,” ಅಂದಳು. “ಸೀನು ತಡಕೊಂಡೇನ್ರಿ.”

ಒಳಗೆ ಎಲ್ಲ ಕೇಳಿಸಿಕೊಂಡಿದ್ದಳು. ತನ್ನ ಸೀನಿನಿಂದ ಸಂಬಂಧ ಮುರಿಯಬಾರದೆಂದು ಉಸಿರು ಕಟ್ಟಿ ನಿಂತಿದ್ದಳು. ಹೆಂಡತಿಯಾಗುವವಳಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಚಂದದ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಒಂದೇ: “ಸೀನ್ರಿ.”

ತಾಟು ಕೆಳಗಿಟ್ಟು ಸೀನಿದಳು. ಸರಿಯಾಗಿ ಜೋಡಿ. ದೊಡ್ಡಪ್ಪನ ಮುಖ ಅರಳಿತು. ಹಾಗಾದರೆ ಎಂದು ಬಾಯಿ ತೆರೆದವರು ತಾವೇ ಸೀನಿಬಿಟ್ಟರು. ಒಂಟಿ.

ಮನೆಯೆಲ್ಲ ಇನ್ನೊಂದಕ್ಕಾಗಿ ಕಾಯಿತು. ಬರಲಿಲ್ಲ. ದೊಡ್ಡಪ್ಪ ಯಾರನ್ನು ಬೈಯಬೇಕು? ಶಾಸ್ತ್ರ ಅವರದು, ಮೂಗೂ ಅವರದೇ. ಹುಡುಗಿಯ ತಂದೆ ನಶ್ಯದ ಡಬ್ಬಿ ಮುಂದೆ ಹಿಡಿದರು. ದೊಡ್ಡಪ್ಪ ಹುಡುಗಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಚಿಟಿಕೆ ಏರಿಸಿದರು. ಆಮೇಲೆ ಬಂದ ಸೀನುಗಳಿಗೆ ಲೆಕ್ಕವಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ, ಜೋಡಿಯೋ ಒಂಟಿಯೋ ಎಂದು ಅವರೇ ಕೇಳಿದರು.

“ಜೋಡಿನ ಅದಾವ್ರಿ. ನಾ ಎಣಿಸೇನಿ,” ಎಂದರು ನನ್ನ ಮಾವ. ತಾವೂ ಜೊತೆಗೆ ಸೀನುತ್ತಿದ್ದವರು ಯಾವಾಗ ಎಣಿಸಿದರೋ. ಸಕ್ಕರೆ ಹಂಚಿದರು.

ಇವತ್ತು ಮುಂಜಾನೆ ಮಗಳಿಗೆ ವರ ನೋಡಲು ನಾವಿಬ್ಬರೂ ರಾಯಬಾಗಕ್ಕೆ ಹೊರಟಿದ್ದೆವು. ಹೊಸ್ತಿಲಲ್ಲಿ ನಾನು ಸೀನಿದೆ. ನಿಪ್ಪಾಣಿಯ ಅಳಿಯ ನಾನು, ಲಕ್ಷಿಸದೆ ಕಾಲು ಮುಂದಿಟ್ಟೆ. ಹೆಂಡತಿ ತೋಳು ಹಿಡಿದಳು.

“ಒಂದೀಟು ಕುಂಡ್ರಿ. ಹೆಣ್ಮಗಳ ಕೆಲಸ ಐತಿ.”

ಇಷ್ಟು ವರ್ಷಕ್ಕೆ ಅವಳಿಗೆ ನಮ್ಮೂರ ಗಾಳಿ ಹತ್ತಿದೆ. ವಾದ ಮಾಡಲು ಬಾಯಿ ತೆರೆದೆ. ಅವಳ ಮುಖದಲ್ಲಿದ್ದ ಕಳವಳ ಕಂಡು ಕೂತುಬಿಟ್ಟೆ. ಅವಳೂ ಪಕ್ಕದಲ್ಲಿ ಕೂತಳು. ನಮ್ಮೆದುರಿಗೇ ಬಸ್ಸು ಹೋಯಿತು.