ಚೀಟಿಯ ಕೆಳಗಿನ ಹೆಸರು

ಶ್ರಾವಣದ ಮೂರನೆಯ ಸೋಮವಾರ, ಮುಂಜಾನೆ ಏಳು ಗಂಟೆ. ಹಾಜರಿದ್ದವರು: ಕಟ್ಟೆಯ ಮೇಲೆ ಮಲ್ಲಪ್ಪ ಕಾಕಾ ಮತ್ತು ಬಸವಂತ ಮಾಸ್ತರರು, ಅಂಗಳದಲ್ಲಿ ಇಪ್ಪತ್ತಾರು ಮಕ್ಕಳು, ನಡುಮನೆಯ ಹೊಸ್ತಿಲ ಮೇಲೆ ಆಯಿ, ಹೊಸ್ತಿಲಿನ ಒಳಗೆ ನಾನು. ಯಾವ ಕೆಲಸವನ್ನಾದರೂ ವಾರ, ಗಂಟೆ, ಹಾಜರಿ ಬರೆದೇ ಶುರು ಮಾಡಬೇಕೆಂಬುದು ಕಾಕಾನ ಪದ್ಧತಿ. ಅವರು ನನ್ನ ತಂದೆಯ ತಮ್ಮ; ಆಯಿ ಅವರ ತಾಯಿ, ನನ್ನ ಅಜ್ಜಿ. ಎಪ್ಪತ್ತು ವರ್ಷ ಕಳೆದರೂ ಆ ಪದ್ಧತಿ ನನ್ನನ್ನು ಬಿಟ್ಟಿಲ್ಲ. ನೆನಪನ್ನು ಬರೆಯಲು ಕುಳಿತರೂ ಕೈ ಮೊದಲು ಅದನ್ನೇ ಬರೆಯುತ್ತದೆ.

ನಿನ್ನೆ ಒಂದು ಹಳೆಯ ಪುಸ್ತಕದ ಬೆನ್ನು ಬಿಚ್ಚಿತು. ಅಂಗಡಿಯ ಗೋಂದಿನ ಮೇಲೆ ನನಗೆ ನಂಬಿಕೆಯಿಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ನೀರಿನಲ್ಲಿ ಕುದಿಸಿ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದೆ. ಹುರಿದ ಬೀಜದ ಕಮ್ಮನೆಯ ವಾಸನೆ, ಅದರ ಬೆನ್ನಿಗೇ ಮೈಲುತುತ್ತದ ಒಗರು. ಅದು ಮೂಗಿಗೆ ತಾಗಿದ ಕ್ಷಣ ಮೂಡಲಗಿಯ ಆ ಮನೆ ಎದ್ದು ನಿಂತಿತು: ಮಣ್ಣಿನ ಮಾಳಿಗೆ, ಜೋಳದ ಚೀಲಗಳ ನಡುವೆ ಒಂದು ಬೆಳಕಿಂಡಿ, ಬೆಳಕಿಂಡಿಯ ಕೆಳಗೆ ಚಾಪೆ, ಚಾಪೆಯ ಸುತ್ತ ಹರಕು ಪುಸ್ತಕಗಳು. ಈಗ ಆ ಮಾಳಿಗೆಯೂ ಇಲ್ಲ, ಬೆಳಕಿಂಡಿಯೂ ಇಲ್ಲ. ಅಲ್ಲಿದ್ದವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ.

ಕಾಕಾ ಮತ್ತು ಅವರ ನಾಲ್ಕು ಜನ ಗೆಳೆಯರು ಗೋಕಾಕ, ಹುಕ್ಕೇರಿಗಳ ಮನೆಮನೆ ತಿರುಗಿ, ಮಕ್ಕಳು ಓದಿ ಬಿಟ್ಟ ಪಠ್ಯಪುಸ್ತಕಗಳನ್ನು ಬೇಡಿ ತರುತ್ತಿದ್ದರು. ಅವನ್ನು ಹೊಲಿದು, ಅಂಟಿಸಿ, ಹೊಸ ರಟ್ಟು ಹಾಕಿ, ಕೊಳ್ಳಲಾಗದ ಮಕ್ಕಳಿಗೆ ಪುಕ್ಕಟೆ ಹಂಚುವುದು. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಬಸವಣ್ಣನ ವಾರ. ಹೊಲಕ್ಕೆ ಹೋಗುವ ಮಕ್ಕಳಿಗೂ ಅಂದು ಬಿಡುವು. ಹೀಗಾಗಿ ಊರಿನ ಮಕ್ಕಳಿಗೆ ಸೋಮವಾರ ಮುಂಜಾನೆ ನಮ್ಮ ಕಟ್ಟೆಯ ಮೇಲೆ ಹಂಚಿಕೆ. ಮೇಲವಂಕಿ, ಮಮದಾಪುರ ಹಳ್ಳಿಗಳ ಪುಸ್ತಕದ ಗಂಟು ಮಂಗಳವಾರ ನಸುಕಿನಲ್ಲಿ ಚಕ್ಕಡಿ ಏರಬೇಕು. ಹೊಲಿಗೆ, ಅಂಟು, ಪಟ್ಟಿ ಬರೆಯುವುದು, ಮೊದಲ ಪುಟಕ್ಕೆ ಮಗುವಿನ ಹೆಸರು ಬರೆಯುವುದು, ಇವೆಲ್ಲ ನನ್ನ ಪಾಲಿನವು. ಆಗ ನನಗೆ ಹನ್ನೊಂದು ವರ್ಷ. ಮೂರನೆಯ ಇಯತ್ತೆ ಪಾಸಾದ ವಾರವೇ ಹುಕ್ಕೇರಿಯ ಮನೆತನಕ್ಕೆ ನನ್ನನ್ನು ನಿಶ್ಚಯಿಸಿ, ಶಾಲೆ ಬಿಡಿಸಿದ್ದರು. ತಂದೆತಾಯಿ ಇಲ್ಲದ ನನ್ನ ವಿಷಯದಲ್ಲಿ ಆಯಿಯ ಮಾತೇ ಕೊನೆ. ಕಾಕಾ ಊರಿಗೆಲ್ಲ ಎದುರು ಮಾತಾಡುತ್ತಿದ್ದವರು, ತಾಯಿಗೆ ಮಾತ್ರ ಆಡುತ್ತಿರಲಿಲ್ಲ.

"ನಿಶ್ಚೇ ಆದ ಹುಡುಗಿ ಹೊಸ್ತಿಲಾ ದಾಟೂದು ಬ್ಯಾಡ," ಎನ್ನುತ್ತಿದ್ದಳು ಆಯಿ. "ಇನ್ನೂ ಓದಿ ಏನ್ ಮಾಮಲೇದಾರಕಿ ಮಾಡ್ತಾಳೇನ?"

ಬಸವಂತ ಮಾಸ್ತರರು ನಗುತ್ತಿದ್ದರು. ನನ್ನ ಶಾಲೆಯ ಹಾಜರಿ ಪುಸ್ತಕ ಅವರ ಕೈಯಲ್ಲೇ ಇತ್ತು. "ಮಾಡ್ಲಿ ಬಿಡ್ರಿ, ಆಯಿ. ನಿಮ್ಮ ಹೊಲದ ಬದುವಿನ ತಕರಾರು ಮೊದಲ ತಗೀತಾಳ."

"ನಿನ್ನ ಪಗಾರಾ ಮೊದಲ ತಗೀತಾಳ ತಗೋ!"

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಸೂಜಿಯಿಂದ ಕಣ್ಣೆತ್ತದೆ. ಹೊಲಿಯುವವಳ ಓದು ವಿಚಿತ್ರವಾದದ್ದು. ಒಂದು ಕಥೆಯ ನಡುಭಾಗ ಸಿಗುತ್ತದೆ, ತಲೆ ಇಲ್ಲ, ಕಾಲಿಲ್ಲ. ರಾಜನು ಬಾಗಿಲಿಗೆ ಬಂದು ನಿಂತನು ಎಂಬಲ್ಲಿಗೆ ಹಾಳೆ ಮುಗಿಯುತ್ತದೆ. ಮುಂದಿನದು ಇನ್ನೊಂದು ಕಟ್ಟಿನಲ್ಲಿರುತ್ತದೆ. ಅದನ್ನು ಹುಡುಕುವಷ್ಟರಲ್ಲಿ ಅಂಟು ಆರುತ್ತದೆ. ಆ ಒಂದು ವರ್ಷದಲ್ಲಿ ನೂರಾರು ಪುಸ್ತಕಗಳನ್ನು ಮುಟ್ಟಿದೆ, ಒಂದನ್ನೂ ಓದಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಶಾಲೆಯ ಹಾಜರಿಯಲ್ಲಿ ಹೆಸರಿದ್ದ ಮಗುವಿಗಷ್ಟೇ ಪುಸ್ತಕ ಎಂಬುದು ಕಾಕಾನ ಮೊದಲ ನಿಯಮ.

ಶ್ರಾವಣದ ಆ ವಾರ ನಾಲ್ಕನೆಯ ಇಯತ್ತೆಯ ಪುಸ್ತಕವೊಂದು ಹೆಚ್ಚಿಗೆ ಉಳಿಯಿತು. ಪಟ್ಟಿಯಲ್ಲಿ ಇಪ್ಪತ್ತಾರು ಹೆಸರು, ಪುಸ್ತಕ ಇಪ್ಪತ್ತೇಳು. ಭಾನುವಾರ ಮಧ್ಯಾಹ್ನ, ಆಯಿ ಮಲಗಿದ್ದಾಗ, ಇಪ್ಪತ್ತೇಳನೆಯ ಸಾಲಿನಲ್ಲಿ ನನ್ನ ಹೆಸರನ್ನು, ನೀಲವ್ವ ಎಂದು, ಬರೆದೆ. ಪುಸ್ತಕದ ಮೊದಲ ಪುಟದಲ್ಲೂ ಬರೆದೆ. ಮಗುವಿನ ಲೆಕ್ಕಾಚಾರ ಅದು: ಹೆಸರು ಹಾಜರಿಯಲ್ಲಿದ್ದರೆ ಪುಸ್ತಕ ಸಿಗುವುದಾದರೆ, ಪುಸ್ತಕದಲ್ಲಿ ಹೆಸರಿದ್ದರೆ ಹಾಜರಿಯೂ ಸಿಗಬೇಕಲ್ಲ? ಕಾಕಾ ಎಲ್ಲರೆದುರು ಹೆಸರು ಓದಿಬಿಟ್ಟರೆ, ಮಾಸ್ತರರು ನಾಳೆಯೇ ನನ್ನನ್ನು ಶಾಲೆಗೆ ಸೇರಿಸಿಕೊಂಡಾರು ಎಂದುಕೊಂಡೆ.

ಸೋಮವಾರ ಏಳಕ್ಕೆ ಸರಿಯಾಗಿ ಕಾಕಾ ಓದತೊಡಗಿದರು. ಕರೆದ ಮಗು "ಹಾಜರ್ ರಿ" ಎಂದು ಎದ್ದು ಬಂದು, ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಳ್ಳಬೇಕು. ಮೂರು ಸಲ ಕರೆದರೂ ಬಾರದಿದ್ದರೆ ಆ ಪುಸ್ತಕ ಬೇರೆಯವರಿಗೆ. ನಾನು ಬಾಗಿಲ ಸಂದಿಯಲ್ಲಿ ನಿಂತು ಬೆರಳು ಮಡಚುತ್ತಿದ್ದೆ. ಇಪ್ಪತ್ತಾರು ಮುಗಿಯಿತು. ಕಾಕಾ ಕನ್ನಡಕ ತೆಗೆದು, ಧೋತರದ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡರು.

"ನೀಲವ್ವ," ಎಂದರು.

ಆಯಿ ಹೊಸ್ತಿಲ ಮೇಲೆ ಕಾಲು ನೀಡಿ ಜೋಳ ಹಸನು ಮಾಡುತ್ತಿದ್ದಳು. ಅವಳ ಕಾಲು ಈ ಚೌಕಟ್ಟಿನಿಂದ ಆ ಚೌಕಟ್ಟಿನವರೆಗೆ ಇತ್ತು. ತಲೆ ಎತ್ತಲಿಲ್ಲ, ಮೊರದ ಸದ್ದು ಮಾತ್ರ ನಿಂತಿತು.

"ನೀಲವ್ವ," ಎರಡನೆಯ ಸಲ. ಮಕ್ಕಳು ಒಬ್ಬರನ್ನೊಬ್ಬರು ನೋಡಿದರು.

ಮೂರನೆಯ ಸಲಕ್ಕೆ ಮುಂಚೆ ಕಾಕಾ ಬಹಳ ಹೊತ್ತು ಕಾದರು. ಅಷ್ಟು ಹೊತ್ತು ಅವರು ಯಾರಿಗೂ ಕಾದದ್ದನ್ನು ನಾನು ಕಂಡಿರಲಿಲ್ಲ. "ನೀಲವ್ವ."

"ಹಾಜರ್ ರಿ," ಎಂದೆ. ಆ ದನಿ ಹೊಸ್ತಿಲವರೆಗೆ ಮಾತ್ರ ಹೋಯಿತು.

"ಯಾರ್ನ ಕರಿಯಾಕತ್ತೀಯೋ, ಮಲ್ಲಪ್ಪ?" ಆಯಿ ಮೊರ ಕುಟ್ಟಿದಳು. "ನಮ್ಮನ್ಯಾಗ ಸಾಲಿಗೆ ಹೋಗೋರು ಯಾರೂ ಇಲ್ಲ."

ಮಾಸ್ತರರು ತಮ್ಮ ಟೊಪ್ಪಿಗೆಯ ಒಳಗನ್ನು ನೋಡುತ್ತ ಕುಳಿತರು. ಕಾಕಾ ಪೆನ್ಸಿಲು ತೆಗೆದು ಪಟ್ಟಿಯಲ್ಲಿ ಏನೋ ಬರೆದರು. ಅದು ಗೈರುಹಾಜರು ಎಂದು ಸಂಜೆ ನೋಡಿದೆ.

ಮಧ್ಯಾಹ್ನ ಅವರು ಪುಸ್ತಕ ತಂದು ನನ್ನ ಚಾಪೆಯ ಮೇಲಿಟ್ಟರು. "ಹೆಸರಿನ ಮ್ಯಾಲ ಚೀಟಿ ಹಚ್ಚವಾ. ಮೇಲವಂಕಿ ಕಲ್ಲವ್ವ, ನಾಲ್ಕನೇದು. ನಾಳೆ ಚಕ್ಕಡಿಗೆ ಹೋಗಬೇಕು." ಒಂದು ಹೆಜ್ಜೆ ಹೋಗಿ ಅಲ್ಲೇ ನಿಂತರು. ಏನೋ ಹೇಳುವವರಿದ್ದರು. ಒಳಗಿನಿಂದ ಆಯಿ ಕೆಮ್ಮಿದಳು. ಹೊರಟುಹೋದರು.

ನಾನು ಚೀಟಿ ಕತ್ತರಿಸಿದೆ. ಕಲ್ಲವ್ವನ ಹೆಸರನ್ನು ಸ್ಪಷ್ಟವಾಗಿ, ಯಾವತ್ತಿನ ಹಾಗೆಯೇ ದುಂಡಗೆ ಬರೆದೆ, ಅವಳದೇನು ತಪ್ಪು? ಚೀಟಿಗೆ ಅಂಟು ಪೂರ್ತಿ ಹಚ್ಚಬೇಕು, ನಡುವೆ ಪೊಳ್ಳು ಉಳಿದರೆ ಹುಳ ಸೇರುತ್ತದೆ ಎಂಬುದು ಕಾಕಾನ ಇನ್ನೊಂದು ನಿಯಮ. ಪ್ರತಿ ಚೀಟಿಯನ್ನೂ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು, ಪೊಳ್ಳಿದ್ದರೆ ಕಿತ್ತು ಮತ್ತೆ ಹಚ್ಚಿಸುತ್ತಿದ್ದರು. ಅಂದು ನಾನು ನಾಲ್ಕು ಅಂಚಿಗೆ ಮಾತ್ರ ಅಂಟು ಹಚ್ಚಿದೆ. ನಡುವೆ, ನನ್ನ ಹೆಸರಿನ ಮೇಲೆ, ಹಚ್ಚಲಿಲ್ಲ.

ಸಂಜೆ ಕಾಕಾ ಗಂಟು ಕಟ್ಟುವ ಮುನ್ನ ಪುಸ್ತಕಗಳನ್ನು ಒಂದೊಂದಾಗಿ ತೆರೆದು ಸವರಿದರು. ಈ ಪುಸ್ತಕಕ್ಕೆ ಬಂದಾಗ ಹೆಬ್ಬೆರಳು ಚೀಟಿಯ ನಡುವೆ ನಿಂತಿತು. ಕಾಗದ ಸಣ್ಣಗೆ ಸದ್ದು ಮಾಡಿತು. ಅವರು ಇನ್ನೊಮ್ಮೆ ಮೆಲ್ಲಗೆ ಸವರಿ, ಪುಸ್ತಕ ಮುಚ್ಚಿ, ಉಳಿದವುಗಳ ಮೇಲಿಟ್ಟು ಗಂಟು ಬಿಗಿದರು.

"ಎಲ್ಲಾ ಬರೋಬ್ಬರಿ ಅದಾವ," ಎಂದರು.

ನಾನು ಅಂಟಿನ ಬೋಗುಣಿ ತೊಳೆದೆ. ಕುಂಚವನ್ನು ಮೂರು ನೀರಿನಲ್ಲಿ ಜಾಲಿಸಿ ಮೊಳೆಗೆ ತೂಗುಹಾಕಿದೆ. ಚಾಪೆ ಸುತ್ತಿ ಗೋಡೆಗೆ ಒರಗಿಸಿ, ಬೆಳಕಿಂಡಿಯನ್ನು ಮುಚ್ಚಿದೆ.