ಅಕ್ಕ ಹೇಳುತ್ತಿದ್ದ ಜಂಜವ್ವ

ಹೋದ ಭಾನುವಾರ ಸಂಭಾಜಿನಗರದ ಗುಲ್ಮಂಡಿಯಲ್ಲಿ, ಆಟಿಕೆ ಅಂಗಡಿಯೊಂದರ ಮುಂದೆ ನಿಂತು ನಾನು ಗೊಂಬೆಯೊಂದನ್ನು ಮೂಸಿ ನೋಡಿದೆ. ನಗಬೇಡಿ. ತಲೆ ಅರ್ಧ ನರೆತ, ಬಿಡಕಿನ್‌ನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಗಂಡಸು ಗೊಂಬೆಯ ನೆತ್ತಿಗೆ ಮೂಗು ಹಚ್ಚಿ ನಿಂತರೆ ನೋಡಿದವರಿಗೆ ಹೇಗಾಗಬೇಕು ಎಂಬುದು ನನಗೂ ಗೊತ್ತು. ಅಂಗಡಿಯವನು ಮರಾಠಿಯಲ್ಲಿ, "ವಾಸನೆ ಗೀಸನೆ ಏನಿಲ್ಲ ಕಾಕಾ, ಹೊಸ ಮಾಲು" ಎಂದ. ವಾಸನೆ ಇತ್ತು. ಬಿಸಿಯಾಗಿ ತಣಿದ ಪ್ಲಾಸ್ಟಿಕ್ಕಿನ, ತುಸು ಸಿಹಿ ತುಸು ಕಮಟು ವಾಸನೆ. ಅದು ನನ್ನ ಅಕ್ಕನ ಸೆರಗಿನ ವಾಸನೆ. ಅಕ್ಕ ತೀರಿಕೊಂಡು ಏಳು ತಿಂಗಳಾಗಿದೆ.

ಗೊಂಬೆಯ ಹೆಸರು ಝಂಝಾ. ನಮ್ಮ ಕಡೆ ಮಕ್ಕಳಿರುವ ಮನೆಗಳಲ್ಲಿ ಈಕೆಯನ್ನು ಅರಿಯದವರಿಲ್ಲ. ಮೊದಲು ಗೊಂಬೆಯಾಗಿ ಬಂದಳು, ಆಮೇಲೆ ಹಿಂದಿ ಕಾಮಿಕ್ಸಿನಲ್ಲಿ ಹಾರಾಡಿದಳು, ಆಮೇಲೆ ಟೀವಿಯಲ್ಲಿ. ಈಗ ಮೊಬೈಲಿನಲ್ಲೂ ಶಾಲೆಯ ನೀರಿನ ಬಾಟಲಿಯ ಮೇಲೂ ಅವಳೇ. ಹೆಣ್ಣೊಬ್ಬಳು ಒದ್ದು, ಗುದ್ದಿ, ಗೋಡೆ ಒಡೆದು ಬಂದು ದುಷ್ಟರನ್ನು ಹಿಡಿದು ಹಾಕುವುದು ಆ ಕಾಲಕ್ಕೆ ದೊಡ್ಡ ಸುದ್ದಿ. ಪ್ರತಿ ಸಲವೂ ಅವಳ ಬೂಟಿನ ಬಣ್ಣ, ಸೊಂಟದ ಅಳತೆ ಬದಲಾಗುತ್ತಿದ್ದವು. ಸೊಂಟ ಮಾತ್ರ ವರ್ಷ ವರ್ಷಕ್ಕೂ ಸಣ್ಣದಾಗುತ್ತಲೇ ಹೋಯಿತು. ಇವರೆಲ್ಲ ನಿಮಗೂ ಗೊತ್ತಿರುವ ಝಂಝಾಗಳು. ನನಗೆ ಇನ್ನೊಬ್ಬಳು ಗೊತ್ತಿದ್ದಳು. ಅವಳು ಬೀದರ್ ಕಡೆಯ ಕನ್ನಡ ಮಾತಾಡುತ್ತಿದ್ದಳು, ಕಳ್ಳರ ಕುತ್ತಿಗೆ ಹಿಡಿದು "ನಿನ್ನ ಬಾಯಾಗ ಮಣ್ಣ ಬೀಳ್ಲಿ" ಎಂದು ಬಯ್ಯುತ್ತಿದ್ದಳು. ಅಕ್ಕ ಅವಳನ್ನು ಜಂಜವ್ವ ಎನ್ನುತ್ತಿದ್ದಳು.

ನಾವು ಭಾಲ್ಕಿ ಕಡೆಯಿಂದ ನಾಸಿಕಕ್ಕೆ ಬಂದವರು. ಅಪ್ಪ ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಸಾತಪುರದ ಚಾಳಿನಲ್ಲಿ ಒಂದೇ ಖೋಲಿ, ಮುಂದೆ ಉದ್ದನೆಯ ಪಡಸಾಲೆ, ಎಂಟು ಮನೆಗೆ ಒಂದು ನಲ್ಲಿ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಆಕೆ ಹದಿನೇಳಕ್ಕೆಲ್ಲ ಅಲ್ಲಿನ ಗೊಂಬೆ ಕಾರ್ಖಾನೆಗೆ ಸೇರಿದಳು. ಝಂಝಾಳ ತಲೆ ಕೂರಿಸುವುದು ಅವಳ ಕೆಲಸ. ಮೆತ್ತನೆಯ ಪ್ಲಾಸ್ಟಿಕ್ಕಿನ ತಲೆಗಳನ್ನು ಬಿಸಿನೀರಿನಲ್ಲಿ ಅದ್ದಿ, ಅವು ಸಡಿಲವಾದ ಕೂಡಲೇ ಎತ್ತಿ ಕುತ್ತಿಗೆಯ ಮೇಲೆ ಒತ್ತಬೇಕು. ಒಂದು ಗಳಿಗೆ ತಡವಾದರೆ ತಲೆ ಬಿಗಿಯುತ್ತದೆ, ಕೂರುವುದಿಲ್ಲ. ದಿನವಿಡೀ ಅದೇ. ಸಂಜೆ ಮನೆಗೆ ಬಂದಾಗ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಸೆರಗಿಗೆ ಆ ವಾಸನೆ ಹತ್ತಿರುತ್ತಿತ್ತು. ಸಾಬೂನು ಹಾಕಿದರೂ ಹೋಗುತ್ತಿರಲಿಲ್ಲ.

ಕೆಟ್ಟ ಗೊಂಬೆಗಳನ್ನು ಒಮ್ಮೊಮ್ಮೆ ಕೆಲಸದವರಿಗೇ ಕೊಟ್ಟುಬಿಡುತ್ತಿದ್ದರು. ಹಾಗೆ ನಮ್ಮ ಮನೆಗೆ ಬಂದವಳಿಗೆ ಮೆಳ್ಳೆಗಣ್ಣು. ಬಣ್ಣ ಹಾಕುವಾಗ ಒಂದು ಪಾಪೆ ಮೂಗಿನ ಕಡೆ ಸರಿದಿತ್ತು. ನಾನು ಅಂಥ ಗೊಂಬೆ ಬೇಡವೆಂದು ಮುಖ ಊದಿಸಿಕೊಂಡೆ. ಅಕ್ಕ ಗೊಂಬೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, "ಹುಚ್ಚಾ, ಜಂಜವ್ವ ಏಕ್ದಮ್ ಎರಡೂ ಕಡಿ ನೋಡ್ತಾಳ. ಕಳ್ಳ ಆ ಕಡಿ ಓಡಿದ್ರೂ ಸಿಗ್ತಾನ, ಈ ಕಡಿ ಓಡಿದ್ರೂ ಸಿಗ್ತಾನ" ಎಂದಳು. ಅಲ್ಲಿಂದ ಮುಂದೆ ನೆಟ್ಟಗಿನ ಕಣ್ಣಿನ ಝಂಝಾಗಳನ್ನು ಕಂಡರೆ ನನಗೆ ಪಾಪ ಎನಿಸುತ್ತಿತ್ತು.

ರದ್ದಿ ಅಂಗಡಿಯಿಂದ ಹಳೆಯ ಕಾಮಿಕ್ಸು ತರುವುದೂ ಅಕ್ಕನೇ. ವಾರದ ಸುಟ್ಟಿ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಪುಸ್ತಕ ಬಿಚ್ಚಿದಳೆಂದರೆ ಚಾಳಿನ ಕನ್ನಡದ ಮಕ್ಕಳೆಲ್ಲ ಸುತ್ತ ಸೇರುತ್ತಿದ್ದವು. ಅಕ್ಕ ಊರಿನಲ್ಲಿ ಕನ್ನಡ ಶಾಲೆಗೆ ಹೋದವಳು, ಅದೂ ನಾಲ್ಕನೆಯ ಇಯತ್ತೆಯವರೆಗೆ. ಹಿಂದಿ ಅಕ್ಷರ ಒಂದೂ ಬಾರದು. ಚಿತ್ರಗಳ ಮೇಲೆ ಬೆರಳಿಟ್ಟು, ನೋಡಿ ನೋಡಿ ಕಥೆ ಕಟ್ಟುತ್ತಿದ್ದಳು. ಅವಳ ಜಂಜವ್ವ ಟಿಕೆಟ್ ಇಲ್ಲದೆ ರೈಲಿನ ಮೇಲೆ ಕೂತು ಭಾಲ್ಕಿಗೆ ಹೋಗಿ ಬರುತ್ತಿದ್ದಳು. ಹಿಡಿದ ದುಷ್ಟನನ್ನು ಪೊಲೀಸರಿಗೆ ಕೊಡದೆ ಬೀಸುಕಲ್ಲಿನ ಮುಂದೆ ಕೂರಿಸಿ ಜೋಳ ಬೀಸಿಸುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಹೊಗೆ, ಬೆಂಕಿ, ಬಂದೂಕಿನ ಚಿತ್ರ ಬಂದಾಗ ಅಕ್ಕನ ದನಿ ತಗ್ಗುತ್ತಿತ್ತು, ನಾವು ಒಬ್ಬರಿಗೊಬ್ಬರು ಒತ್ತಿಕೊಳ್ಳುತ್ತಿದ್ದೆವು.

ನಾನು ಮರಾಠಿ ಶಾಲೆಗೆ ಹೋಗುತ್ತಿದ್ದೆ. ಐದನೆಯ ಇಯತ್ತೆಗೆ ಹಿಂದಿಯೂ ಓದಲು ಬಂತು. ಓದು ಬಂದ ಹೊಸದರಲ್ಲಿ ನಾನು ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ಕಡಲೆಯ ಪೊಟ್ಟಣ ಯಾವುದನ್ನೂ ಬಿಡುತ್ತಿರಲಿಲ್ಲ. ಇಡೀ ಚಾಳಿಗೆ ನನ್ನ ವಿದ್ವತ್ತಿನ ಕಾಟ. ಅಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಅಕ್ಕ ಹೊಸ ಪುಸ್ತಕ ಹಿಡಿದು ಕೂತಳು. ಮೊದಲ ಪುಟದಲ್ಲೇ ದೊಡ್ಡ ಚಿತ್ರ. ಉರಿಯುವ ಕಟ್ಟಡದೊಳಗಿಂದ ಝಂಝಾ ಒಂದು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಜಿಗಿಯುತ್ತಿದ್ದಾಳೆ.

"ಇಂವ ಜಂಜವ್ವನ ತಮ್ಮ," ಅಕ್ಕ ಶುರು ಮಾಡಿದಳು. "ಇಂವಗ ಎತ್ಕೊಂಡೇ ಆಕಿ ಎಲ್ಲಾ ಕಡಿ ಹೋಗ್ತಾಳ. ಲಡಾಯಿ ಮಾಡ್ಲಾಕ ಹೋದ್ರೂ ಕಂಕಳಾಗ ಇಂವ ಇರ್ಬೇಕು. ಯಾಕಂದ್ರ ಇಂವಗ ಕೆಳಗ ಇಟ್ರ ಅಳ್ತಾನ..."

ನಾನು ಪುಸ್ತಕಕ್ಕೆ ಕೈ ಹಾಕಿ ಮಾತಿನ ಗುಳ್ಳೆಯೊಳಗಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿದೆ. ಓದಿ, "ತಮ್ಮ ಅಲ್ಲ ಅಂವ, ಸೈಂಟಿಸ್ಟನ ಮಗ ಇದ್ದಾನ. ಇಲ್ಲಿ ಬರ್ದಿದ್ದು ಬ್ಯಾರೆ ಅದ. ನಿನಗ ಓದ್ಲಾಕ ಬರಲ್ಲ, ದಿನಾ ಸುಳ್ಳ ಹೇಳ್ತಿ" ಎಂದೆ.

ಮಕ್ಕಳು ಅಕ್ಕನ ಮುಖ ನೋಡಿದವು. ಅಕ್ಕನ ಬೆರಳು ಆ ಚಿತ್ರದ ಮೇಲೇ ಇತ್ತು. ಆಮೇಲೆ ಪುಸ್ತಕವನ್ನು ನನ್ನ ಕೈಗಿಟ್ಟು, "ಹೌದೇನೋ ತಮ್ಮಾ? ಹಂಗಾದ್ರ ನೀನೇ ಓದಪಾ, ನನಗೇನ್ ತಿಳೀತದ" ಎಂದಳು. ಸಿಟ್ಟಿನ ದನಿಯಲ್ಲ. ಎದ್ದು ಒಳಗೆ ಹೋಗಿ ಹಿಟ್ಟು ಜರಡಿ ಹಿಡಿಯತೊಡಗಿದಳು. ನಾನು ಗೆದ್ದವನ ಗತ್ತಿನಲ್ಲಿ ಎರಡು ಪುಟ ಓದಿ ಅರ್ಥ ಹೇಳಿದೆ. ಮೂರನೆಯ ಪುಟಕ್ಕೆ ಮಕ್ಕಳೆಲ್ಲ ಎದ್ದು ಗೋಲಿ ಆಡಲು ಹೋದವು.

ಅಕ್ಕನನ್ನು ಶಾಲೆ ಬಿಡಿಸಿದ್ದು ಯಾಕೆಂದು ನನಗೆ ಆಗ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವ್ವ ಬೇರೇನೋ ಹೇಳುತ್ತಾ ಆ ಮಾತನ್ನೂ ಹೇಳಿದಳು. ನಾಸಿಕಕ್ಕೆ ಬಂದಾಗ ನಾನು ಮೂರು ತಿಂಗಳ ಕೂಸು. ಅಪ್ಪ ಅವ್ವ ಕೆಲಸಕ್ಕೆ ಹೋದರೆ ನನ್ನನ್ನು ಎತ್ತಿಕೊಳ್ಳಲು ಯಾರಾದರೂ ಬೇಕಿತ್ತು. ಒಂಬತ್ತು ವರ್ಷದ ಹುಡುಗಿ ದಿನವಿಡೀ ನನ್ನನ್ನು ಕಂಕುಳಲ್ಲಿ ಹೊತ್ತು ಕಟ್ಟಡದ ಮರಳ ರಾಶಿಯ ಸುತ್ತ ತಿರುಗಿದಳು. ಪುಸ್ತಕ ಹಿಡಿದ ಆ ಮಧ್ಯಾಹ್ನ ಅಕ್ಕ ಹೇಳಲು ಹೊರಟಿದ್ದು ನಮ್ಮ ಕಥೆಯನ್ನು. ಅವಳು ಬಿಟ್ಟುಕೊಟ್ಟ ಓದಿನಿಂದಲೇ ನಾನು ಅವಳ ಬಾಯಿ ಮುಚ್ಚಿಸಿದ್ದೆ.

ಆ ದಿನದ ಮೇಲೆ ಅಕ್ಕ ಕಥೆ ಹೇಳಲಿಲ್ಲ. ವಾರ ಬಿಟ್ಟು ನಾನೇ ಗೋಗರೆದೆ. "ನಿನಗ ಓದ್ಲಾಕ ಬರ್ತದಲ್ಲ" ಎಂದು ನಕ್ಕು ತಲೆ ಸವರಿದಳು. ಮರುವರ್ಷ ಅವಳು ಮದುವೆಯಾಗಿ ಪೈಠಣಕ್ಕೆ ಹೋದಳು. ಭಾವ ಅಲ್ಲಿ ಸೀರೆಯ ಮಗ್ಗದ ಕೆಲಸದವರು. ನಾನು ಓದಿ, ನೌಕರಿ ಹಿಡಿದು, ಸಂಭಾಜಿನಗರಕ್ಕೆ ಬಂದ ಮೇಲೆ ಹಬ್ಬಕ್ಕೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಕ್ಷಮಿಸು ಎನ್ನಬೇಕೆಂದುಕೊಳ್ಳುವುದು, ಅಷ್ಟು ಸಣ್ಣ ಮಾತನ್ನು ಅವಳು ಎಂದೋ ಮರೆತಿರುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಊಟ ಮಾಡಿ ಬರುವುದು. ಇಪ್ಪತ್ತು ವರ್ಷ ಹೀಗೇ ಕಳೆದವು. ಕಡೆಗೆ ಅಕ್ಕ ಜ್ವರದಲ್ಲಿ ನಾಲ್ಕೇ ದಿನ ಮಲಗಿ ಹೋಗಿಬಿಟ್ಟಳು.

ಗುಲ್ಮಂಡಿಯಲ್ಲಿ ಕೊಂಡ ಗೊಂಬೆಯನ್ನು ಹಿಡಿದು ಅಂದೇ ಪೈಠಣದ ಬಸ್ಸು ಹತ್ತಿದೆ. ಅಕ್ಕನ ಮಗಳು ಸವಿತಾ ತನ್ನ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮಗು ಡಬ್ಬಿಯಿಂದ ಗೊಂಬೆಯನ್ನು ಎಳೆದದ್ದೇ ತಡ, "ಜಂಜವ್ವಾ!" ಎಂದು ಕೂಗಿತು.

ನಾನು ದಂಗಾದೆ. "ಈ ಹೆಸರು ಯಾರ್ ಹೇಳ್ಕೊಟ್ರು ಇದಕ್ಕ?"

"ಅವ್ವ, ಮತ್ತ್ಯಾರು?" ಸವಿತಾ ಚಹದ ಕಪ್ಪು ಇಡುತ್ತಾ ಹೇಳಿದಳು. "ನಾ ಸಣ್ಣಾಕಿ ಇದ್ದಾಗಿಂದ ಹೇಳ್ತಿದ್ಳು. ಆಮ್ಯಾಲ ಇಕಿಗೂ. ನಾವು ಬಂದಾಗೆಲ್ಲಾ ರೋಜ್ ದುಪಾರಿ ಉಂಡ ಮ್ಯಾಲ ಪುಸ್ತಕ ಬಿಚ್ಚಿ ಕೂಡ್ತಿದ್ರು ಇಬ್ರೂ. ಗಲ್ಲಿ ಮಕ್ಳೆಲ್ಲಾ ಬರ್ತಿದ್ವು."

"ನಾ ಒಮ್ಮೆನೂ ನೋಡಿಲ್ಲಲ್ಲ?"

"ನೀವು ಬರ್ತೀರಿ ಅಂದ್ರ ಪುಸ್ತಕ ಎಲ್ಲಾ ಪೆಟಿಗ್ಯಾಗ ಇಟ್ಟು ಬಿಡ್ತಿದ್ಳು ಮಾಮಾ. 'ತಮ್ಮ ಓದ್ದಂವ ಇದ್ದಾನ, ನನ್ನ ಕಥಿ ಎಲ್ಲಾ ಗಲತ್ ಇರ್ತಾವ, ಅಂವನ ಮುಂದ ಬ್ಯಾಡ' ಅಂತಿದ್ಳು."

ಚಹದ ಕಪ್ಪನ್ನು ಕೆಳಗಿಟ್ಟೆ. ಅಕ್ಕ ಮರೆತಿರಲಿಲ್ಲ. ಹಬ್ಬ ಹಬ್ಬಕ್ಕೂ ನಾನು ಬರುವ ಸುದ್ದಿ ಕೇಳಿ ಅವಳು ತನ್ನ ಸಂತೋಷವನ್ನು ಎತ್ತಿಡುತ್ತಿದ್ದಳು. ನಾನು ಹೋದ ಮೇಲೆ ಮತ್ತೆ ಹೊರಗೆ ತೆಗೆಯುತ್ತಿದ್ದಳು. ಅಳು ಬಂತು. ಮಗುವಿನ ಮುಂದೆ ಹೇಗೋ ತಡೆದುಕೊಂಡೆ.

ಮಗು ಒಳಗೆ ಹೋಗಿ ಹರಿದ ಪುಸ್ತಕವೊಂದನ್ನು ತಂದು ತಾಯಿಯ ಮಡಿಲಲ್ಲಿ ಹಾಕಿತು. ನಾನು, "ಹೇಳವ್ವಾ ಸವಿತಾ. ಅಕ್ಕ ಹೆಂಗ ಹೇಳ್ತಿದ್ಳು, ಹಂಗೇ ಹೇಳು" ಎಂದೆ.

ಸವಿತಾ ಪುಸ್ತಕ ಬಿಚ್ಚಿದಳು. ಒಂದು ಚಿತ್ರದ ಮೇಲೆ ಬೆರಳಿಟ್ಟಳು. ನನ್ನ ಕಡೆ ನೋಡಿದಳು. ಬೆರಳನ್ನು ಮೆಲ್ಲಗೆ ತೆಗೆದಳು.

"ನಿಮ್ಮ ಮುಂದ ನನಗ ಬರಲ್ರಿ ಮಾಮಾ."

ನಾನು ಎದ್ದು ಹೊರಗೆ ಬಂದು, ಬಾಗಿಲಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತೆ. ತುಸು ಹೊತ್ತಿನ ಮೇಲೆ ಒಳಗೆ ಸವಿತಾಳ ದನಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ, ಅಂಜುತ್ತಂಜುತ್ತಲೇ ಶುರುವಾಯಿತು. ಮಗು ನಕ್ಕಿತು. ಕಥೆ ಮುಗಿಯುವವರೆಗೆ ನಾನು ಒಳಗೆ ಹೋಗಲಿಲ್ಲ.