ಒಳಗಿನ ಸ್ಟೋವಿನ ಮೇಲೆ ಕೋಳಿ

ವಾಡಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಅಡುಗೆಮನೆಯೊಳಗೆ ಮಾಂಸ ಬರುತ್ತಿರಲಿಲ್ಲ. ದೇವರ ಜಗಲಿ ಅಲ್ಲೇ ಇತ್ತು. ಕೋಳಿ ಮಾಡುವ ದಿನ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದೆವು. ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು. ಇದು ಅಪ್ಪ ಹಾಕಿದ ಕಟ್ಟಳೆ. ಕೋಳಿಯನ್ನು ಮುಲ್ಲಾ ಕೊಯ್ಯಬೇಕು ಎನ್ನುವುದು ಮಾತ್ರ ಅಪ್ಪನೊಬ್ಬನದಲ್ಲ, ಸುತ್ತಲಿನ ಊರುಗಳ ಎಲ್ಲರದು.

ಆ ಭಾನುವಾರ ಅವ್ವ ಸಂಬಂಧಿಕರ ಬಸುರಿ ಮಗಳ ಕುಬುಸಕ್ಕೆಂದು ಸೇಡಂಗೆ ಹೋಗಿದ್ದಳು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದ ನನಗೆ ಚಿಂಚೋಳಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಬರುತ್ತೇನೋ ಇಲ್ಲವೋ ಎಂದು ಮರುದಿನ ಬೆಳಿಗ್ಗೆ ಅಂಚೆ ಕಚೇರಿಯಿಂದ ಕಾಲೇಜಿಗೆ ತಾರು ಕೊಡಬೇಕಿತ್ತು. ಅಪ್ಪ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಒಮ್ಮೆ ಮಾತ್ರ ಕೇಳಿದ್ದ, “ಒಬ್ಬಾಕಿ ಹೆಂಗ ಇರ್ತಿ? ಏನ್ ಮಾಡ್ಕೊಂಡು ತಿಂತಿ?”

ಅಪ್ಪ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಆ ಸಂಜೆ ಏಳಕ್ಕೆ ಮನೆ ಬಿಟ್ಟರೆ ತಾರಿನ ಹೊತ್ತು ಮುಗಿಯುವವರೆಗೆ ಮರಳುವುದಿಲ್ಲ. ಅವನ ಪ್ರಶ್ನೆಗೆ ಬಾಯಿಂದ ಉತ್ತರ ಹೇಳಲು ನನಗೆ ಬರಲಿಲ್ಲ. ಅವನಿಗೆ ಇಷ್ಟವಾದ ಹುರಿದ ಕೋಳಿ ಮಾಡಿ ಬಡಿಸುತ್ತೇನೆ, ಉಂಡ ಮೇಲೆ ಕೇಳುತ್ತೇನೆ ಎಂದುಕೊಂಡೆ.

ಪಕ್ಕದ ಮನೆಯ ಚಾಚಿಯಿಂದ ಎಳೆಯ ಹುಂಜ ತಂದೆ. ಮುಲ್ಲಾ ಊರಲ್ಲಿರಲಿಲ್ಲ.

“ಶಹಾಬಾದಿಗಿ ಹೋಗ್ಯಾರ, ಬೇಟಿ. ಐದರ ಗಾಡಿಗಿ ಬರ್ತಾರ,” ಎಂದಳು ಚಾಚಿ ಗೋಡೆಯಾಚೆಯಿಂದ. “ಅಲ್ಲಿತನಕ ಹುಂಜಕ್ಕ ನಾಕು ಕಾಳು ಹಾಕು. ನಿನ್ನ ಮಾರಿ ನೋಡೇ ಅದು ಅರ್ಧ ಸತ್ತದ.”

ಈರುಳ್ಳಿ ಹೆಚ್ಚಿದೆ. ಬೆಳ್ಳುಳ್ಳಿ, ಶುಂಠಿ ಅರೆದೆ. ಒಣಕೊಬ್ಬರಿ, ಎಳ್ಳು ಹುರಿದು ಕುಟ್ಟಿದೆ. ಮತ್ತೆ ಗೇಟಿಗೆ ಹೋಗಿ ರಸ್ತೆ ನೋಡಿದೆ. ಒಳಗೆ ಅಪ್ಪ ಮಲಗಿದ್ದ. ಐದರ ಗಾಡಿ ತಡವಾಗಿ ಬಂತು. ಮುಲ್ಲಾ ಬಂದು ಕೊಯ್ದು, ಚಾಚಿ ಸುಲಿದು ತುಂಡು ಮಾಡಿಕೊಡುವಷ್ಟರಲ್ಲಿ ಬಿಸಿಲು ಗೋಡೆ ಬಿಟ್ಟಿತ್ತು.

ಹಿತ್ತಲಲ್ಲಿ ಗಾಳಿ ಎದ್ದಿತ್ತು. ಬೆಂಕಿ ಒಮ್ಮೆ ಹತ್ತಿತು, ಮತ್ತೆ ಮಲಗಿತು. ಊದಿ ಊದಿ ಕಣ್ಣಲ್ಲಿ ನೀರು ಬಂತು. ಎಣ್ಣೆ ಕಾಯುತ್ತಿರಲಿಲ್ಲ, ಯಾರ್ಡಿನ ಕಲ್ಲಿದ್ದಲ ಪುಡಿ ಅದರಲ್ಲಿ ಬೀಳುತ್ತಿತ್ತು. ಆರು ಹೊಡೆಯಿತು. ನಾನು ಬೋಗುಣಿ ಎತ್ತಿಕೊಂಡು ಅಡುಗೆಮನೆಗೆ ನಡೆದೆ. ಸ್ಟೋವಿಗೆ ಗಾಳಿ ಹೊಡೆದು ಹಚ್ಚಿದೆ.

ಅಲ್ಲಿ ಎಲ್ಲ ಬೇಗ ಆಯಿತು. ಈರುಳ್ಳಿ ಕೆಂಪಾಯಿತು, ಮಾಂಸ ನೀರು ಬಿಟ್ಟು ಬೆಂದಿತು, ಆ ನೀರು ಇಂಗಿತು, ಖಾರದ ಘಾಟು ಎದ್ದಿತು. ಕೊಬ್ಬರಿ ಪುಡಿ ಉದುರಿಸಿ ತಿರುವುತ್ತಿದ್ದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದ. ಘಾಟಿಗೆ ಎಚ್ಚರವಾಗಿತ್ತು. ದೇವರ ಜಗಲಿ ನೋಡಿದ, ಸ್ಟೋವು ನೋಡಿದ.

“ಒಳಗs ಮಾಡಾಕತ್ತೀಯೇನು?”

ಗಾಳಿ ಇತ್ತು, ಹೊತ್ತಾಗಿತ್ತು ಎನ್ನಬಹುದಿತ್ತು. “ಹೌದಪ್ಪ,” ಎಂದೆ. ಚಿಂಚೋಳಿ ಅಲ್ಲಿಗೇ ಮುಗಿಯಿತು ಅನ್ನಿಸಿತು. ಸ್ಟೋವು ಆರಿಸಬೇಕೋ ಬೇಡವೋ ತಿಳಿಯದೆ ಸೌಟು ಹಿಡಿದೇ ನಿಂತೆ.

ಅಪ್ಪ ಮುಖ ತೊಳೆದು ಬಂದು ಪಡಸಾಲೆಯಲ್ಲಿ ಕುಳಿತ. ರೊಟ್ಟಿ, ಕೋಳಿ ಬಡಿಸಿದೆ. ಉಣ್ಣತೊಡಗಿದ. ನಾನು ಎರಡು ಸಲ ನೀರು ತಂದೆ, ತುಂಬಿದ ಚರಿಗೆಗೇ ಮತ್ತೆ ಸುರಿದು ಚೆಲ್ಲಿದೆ.

“ಕುಂದರು. ಯಾಕ ಓಡ್ಯಾಡಾಕತ್ತೀ?” ಎಂದ. ಒಂದು ಎಲುಬು ತಟ್ಟೆಯಂಚಿಗಿಟ್ಟು ಕೇಳಿದ, “ಚಿಂಚೋಳ್ಯಾಗ ನಿನಗ ಸಿಗೂದು ಒಂದs ಖೋಲಿ. ಅಲ್ಲಿ ಒಳಗ ಯಾವುದು, ಹೊರಗ ಯಾವುದು?”

ಕೋಳಿ ಮಾಡುವುದೇ ಇಲ್ಲ ಎಂದರೆ ಅವನಿಗೆ ಸಮಾಧಾನವಾಗುತ್ತಿತ್ತು. ಆದರೆ ಅದು ನಿಜವಲ್ಲ.

“ಒಂದs ಸ್ಟೋವ್ ಇರ್ತದಪ್ಪ. ಅದರ ಮ್ಯಾಲೇ ಎಲ್ಲಾ ಮಾಡ್ತೀನಿ.”

ಅಪ್ಪ ಇನ್ನೊಂದು ರೊಟ್ಟಿ ಮುರಿದ. ಉಂಡು, ಬೂಟು ಹಾಕಿಕೊಂಡು, ಬಾಗಿಲಲ್ಲಿ ನಿಂತು ಹೇಳಿದ, “ನಿಮ್ಮವ್ವ ಬರೂದ್ರಾಗ ಅಡಗಿಮನಿ ತೊಳಿ. ನಾಳಿ ಬರ್ತೀನಂತ ತಾರ ಕೊಡು. ಖಾರ ಭಾಳ ಹಾಕೀದಿ.”

ಕೇಳಿದ್ದು ಸರಿಯೇ ಎಂದು ಖಚಿತ ಮಾಡಿಕೊಳ್ಳುವ ಮೊದಲೇ ಅವನು ರಸ್ತೆ ದಾಟಿದ್ದ. ಸಂತೋಷ ಬರಬೇಕಿತ್ತು. ನಾನು ಊಟಕ್ಕೆ ಕೂರಲಿಲ್ಲ. ಕೊಡಗಟ್ಟಲೆ ನೀರು ತಂದು ಅಡುಗೆಮನೆಯ ನೆಲ ತಿಕ್ಕಿದೆ, ಗೋಡೆ ತಿಕ್ಕಿದೆ, ಮತ್ತೆ ನೆಲ ತಿಕ್ಕಿದೆ. ವಾಸನೆ ನೆಲದ್ದಲ್ಲ, ನನ್ನ ಸೀರೆಯದು ಎಂದು ಗೊತ್ತಾದ ಮೇಲೂ ಕೈ ನಿಲ್ಲಲಿಲ್ಲ.